ಮೊದಲು ನೌಕರಿ, ಗಂಟೆ ಲೆಕ್ಕ ಆಮೇಲೆ

ಸ್ಟುಟ್‌ಗಾರ್ಟ್‌ನ ಕಂಪನಿಯೊಂದು ವರ್ಷಕ್ಕೆ 65,000 ಯೂರೋ ಸಂಬಳದ ಆಫರ್ ಕೊಟ್ಟಿದೆ, ಅಷ್ಟರಲ್ಲಿ ಏಜೆಂಟ್ ಒಬ್ಬ ಗಂಟೆಗೆ 55 ಯೂರೋದಂತೆ ಫ್ರೀಲಾನ್ಸ್ ಮಾಡಿ ಅಂತಿದ್ದಾನೆ, ಯಾವುದು ಹಿಡಿಯಲಿ ಎಂದು ಕೇಳಿದ್ದೀರಿ. ನೌಕರಿ ಹಿಡಿಯಿರಿ. ಜರ್ಮನಿಗೆ ಬಂದ ಹೊಸತರಲ್ಲಿ ನಾನೂ ಗಂಟೆಯ ದರವನ್ನು ರೂಪಾಯಿಗೆ ಗುಣಿಸಿ ನೋಡಿದವನೇ. ಆ ಗುಣಾಕಾರದಲ್ಲಿ ಬಿಟ್ಟುಹೋಗುವುದೇ ಹೆಚ್ಚು.

ವರ್ಷದಲ್ಲಿ ಶನಿವಾರ, ಭಾನುವಾರ ಕಳೆದರೆ ಉಳಿಯುವುದು 261 ದಿನ. ಸರ್ಕಾರಿ ರಜೆ 10, ನಿಮ್ಮ ರಜೆ 30, ಜ್ವರ ನೆಗಡಿಗೆ 8, ಕಾಗದಪತ್ರಕ್ಕೂ ಹೊಸ ಕೆಲಸ ಹುಡುಕಲಿಕ್ಕೂ 23 ತೆಗೆದಿಡಿ. ಬಿಲ್ ಹಾಕಲು ಸಿಗುವುದು 190 ದಿನ. ದಿನಕ್ಕೆ 8 ಗಂಟೆ ಎಂದರೆ 440, ಅದರಂತೆ 83,600. ಇದರಲ್ಲಿ ಆರೋಗ್ಯ ವಿಮೆ ಪೂರ್ತಿ ನಿಮ್ಮದೇ, ತಿಂಗಳಿಗೆ ಸಾವಿರ ಯೂರೋ ದಾಟುತ್ತದೆ. ವರ್ಷಕ್ಕೆ 13,000 ಹಿಡಿಯಿರಿ. ನೌಕರನ ಪಿಂಚಣಿಗೆ ಸಂಬಳದ ಶೇ. 18.6 ಹೋಗುತ್ತದೆ, ಅರ್ಧ ಕಂಪನಿಯದು. ಅಷ್ಟೇ ಪಿಂಚಣಿ ನೀವೇ ಕಟ್ಟಿಕೊಳ್ಳಬೇಕೆಂದರೆ ಇನ್ನೊಂದು 12,000. ತೆರಿಗೆಗೆ ಮುಂಚೆ ಉಳಿದದ್ದು 58,600. ಅದೇ 65,000 ಸಂಬಳದಲ್ಲಿ ನಿಮ್ಮ ಪಾಲಿನ ವಿಮೆ, ಪಿಂಚಣಿ, ನಿರುದ್ಯೋಗ ನಿಧಿ ಕಳೆದರೆ ಸುಮಾರು 51,500. ವ್ಯತ್ಯಾಸ 7,000. ಪ್ರಾಜೆಕ್ಟ್ ಒಂದು ತಿಂಗಳು ತಪ್ಪಿದರೆ 8,800 ಹೋಯಿತು, ಅಲ್ಲಿಗೆ ಲಾಭವೂ ಹೋಯಿತು. ಲ್ಯಾಪ್‌ಟಾಪ್, ತೆರಿಗೆ ಸಲಹೆಗಾರರ ಫೀಸು ನಾನಿನ್ನೂ ಸೇರಿಸಿಲ್ಲ.

ವೀಸಾ ವಿಷಯ ಇದಕ್ಕಿಂತ ದೊಡ್ಡದು. ನೌಕರಿಗೆ ಸಿಗುವ ಬ್ಲೂ ಕಾರ್ಡ್ ಎಂಬ ವಾಸದ ಪರವಾನಗಿಯಲ್ಲಿ, ಜರ್ಮನ್ ಭಾಷೆಯ ಮಧ್ಯಮ ಹಂತವಾದ ಬಿ1 ಇದ್ದರೆ 21 ತಿಂಗಳಿಗೆ, ಆರಂಭದ ಹಂತವಾದ ಎ1 ಅಷ್ಟೇ ಇದ್ದರೆ 27 ತಿಂಗಳಿಗೆ ಖಾಯಂ ವಾಸದ ಪರವಾನಗಿ ಕೇಳಬಹುದು. ಫ್ರೀಲಾನ್ಸ್ ಪರವಾನಗಿಯಲ್ಲಿ ಸಾಮಾನ್ಯವಾಗಿ 5 ವರ್ಷ ಕಾಯಬೇಕು, ಜೊತೆಗೆ ಮುಪ್ಪಿಗೆ ಏರ್ಪಾಡು ಮಾಡಿಕೊಂಡ ಪುರಾವೆಯನ್ನೂ ಕೊಡಬೇಕು. ಖಾಯಂ ಪರವಾನಗಿ ಕೈಗೆ ಬಂದ ಮೇಲೆ ನೌಕರಿ, ಸ್ವಂತ ಕೆಲಸ ಏನು ಮಾಡಿದರೂ ಯಾರನ್ನೂ ಕೇಳಬೇಕಾಗಿಲ್ಲ. ಅದು ಸಿಗುವ ಮೊದಲೇ ನೌಕರಿ ಬಿಟ್ಟದ್ದು ಇವತ್ತಿಗೂ ನನ್ನನ್ನು ಕೊರೆಯುತ್ತದೆ.

ಏಜೆಂಟ್ ಹೇಳದ ಮಾತು ಇನ್ನೊಂದಿದೆ. ಒಂದೇ ಗಿರಾಕಿ, ಅವರದೇ ಆಫೀಸು, ಅವರು ಹೇಳಿದ ವೇಳೆ, ಅವರ ಮ್ಯಾನೇಜರ್ ಎಂದಾದರೆ ಪಿಂಚಣಿ ಇಲಾಖೆ ಅದನ್ನು ಸ್ವಂತ ಕೆಲಸವೆಂದು ಒಪ್ಪುವುದಿಲ್ಲ. ಹೆಸರಿಗಷ್ಟೇ ಸ್ವಂತ, ನಿಜಕ್ಕೆ ನೌಕರ ಎನ್ನುತ್ತದೆ. ಹಿಂದಿನ ವರ್ಷಗಳ ವಿಮೆ, ಪಿಂಚಣಿಯ ವಂತಿಗೆ ಗಿರಾಕಿಯ ತಲೆಗೆ ಬೀಳುತ್ತದೆ. ಆ ಭಯಕ್ಕೇ ಎಷ್ಟೋ ಕಂಪನಿಗಳು ಕರಾರನ್ನು ನಡುವೆಯೇ ಮುಗಿಸಿಬಿಡುತ್ತವೆ.

ಈಗ ತೆರಿಗೆ. ಇದನ್ನು ಎರಡು ಸಲ ಓದಿ. ನೌಕರನ ತೆರಿಗೆಯನ್ನು ಕಂಪನಿ ತಿಂಗಳು ತಿಂಗಳು ಹಿಡಿದುಕೊಳ್ಳುತ್ತದೆ. ಫ್ರೀಲಾನ್ಸರ್ ಮೊದಲ ವರ್ಷ ತೆರಿಗೆ ಕಚೇರಿಗೆ ಅಂದಾಜು ಲಾಭ ಬರೆದುಕೊಡುತ್ತಾನೆ. ಕಡಿಮೆ ಬರೆದರೆ ಆ ವರ್ಷ ಏನೂ ಕಟ್ಟಬೇಕಾಗಿಲ್ಲ, ಖಾತೆ ತುಂಬಿದಂತೆ ಕಾಣುತ್ತದೆ, ಊರಲ್ಲಿ ಸೈಟಿಗೆ ಅಡ್ವಾನ್ಸ್ ಕೊಟ್ಟುಬಿಡೋಣ ಅನ್ನಿಸುತ್ತದೆ. ಎರಡನೇ ವರ್ಷದ ಅಕ್ಟೋಬರ್‌ನಲ್ಲಿ ತೆರಿಗೆ ಕಚೇರಿಯ ಆದೇಶ ಬಂತೆನ್ನಿ. ತೆರಿಗೆ ಬೀಳುವ ಆದಾಯ 50,000 ಆಗಿದ್ದರೆ ಮೊದಲ ವರ್ಷದ ಬಾಕಿ ಸುಮಾರು 10,700. ಎರಡನೇ ವರ್ಷವೂ ಅಷ್ಟೇ ಗಳಿಕೆ ಎಂದು ಹಿಡಿದು, ಆಗಲೇ ಮುಗಿದ 3 ತ್ರೈಮಾಸಿಕಗಳ ಮುಂಗಡ ತೆರಿಗೆ 8,000ವನ್ನೂ ಅದರ ಜೊತೆಗೇ ಕೇಳುತ್ತಾರೆ. ಡಿಸೆಂಬರ್ 10ಕ್ಕೆ ಮತ್ತೆ 2,700. ಮೂರು ತಿಂಗಳೊಳಗೆ 21,400 ಯೂರೋ. ನನ್ನ ಕಣ್ಣೆದುರೇ ಒಳ್ಳೊಳ್ಳೆ ಎಂಜಿನಿಯರುಗಳು ಈ ಪತ್ರ ಹಿಡಿದು ಸಾಲಕ್ಕೆ ಓಡಾಡಿದ್ದಾರೆ. ಮುಂದೆಂದಾದರೂ ಫ್ರೀಲಾನ್ಸ್‌ಗೆ ಇಳಿದರೆ ಮೊದಲ ಬಿಲ್ಲಿನಿಂದಲೇ ಬೇರೆ ಖಾತೆ ತೆರೆಯಿರಿ. ಬಿಲ್ಲಿನ ಮೇಲಿನ ಶೇ. 19 ವ್ಯಾಟ್ ಪೂರ್ತಿ ಅದಕ್ಕೆ ಹೋಗಲಿ, ಉಳಿದದ್ದರಲ್ಲಿ ಮೂರನೇ ಒಂದು ಭಾಗವೂ ಅಲ್ಲಿಗೇ. ಆ ಖಾತೆಯ ಕಾರ್ಡ್ ಜೇಬಿನಲ್ಲಿ ಇಟ್ಟುಕೊಳ್ಳಬೇಡಿ.

ಚಳಿ, ಸಸ್ಯಾಹಾರದ ಬಗ್ಗೆ ಕೇಳಿದ್ದಿರಿ. ಜಾಕೆಟ್ ಇಲ್ಲೇ ಕೊಳ್ಳಿ, ಸಾರಿನ ಪುಡಿ ಅಮ್ಮನ ಕೈಯದ್ದೇ ತನ್ನಿ. ಬಾಡಿಗೆ ಮನೆಗೆ ಮಾಲೀಕರು ಕೊನೆಯ 3 ತಿಂಗಳ ಸಂಬಳದ ಚೀಟಿ ಕೇಳುತ್ತಾರೆ. ಹೊಸ ಫ್ರೀಲಾನ್ಸರ್ ಹತ್ತಿರ ತೋರಿಸಲು ಏನೂ ಇರುವುದಿಲ್ಲ.

ರಜೆಯ ಮಾತು ಬೇರೆಯೇ ಹೇಳಬೇಕು. ವಾರಕ್ಕೆ 5 ದಿನದ ಕೆಲಸಕ್ಕೆ ಕಾನೂನು ಕೊಡುವುದು ವರ್ಷಕ್ಕೆ 20 ದಿನ, ಅನೇಕ ಕಂಪನಿಗಳಲ್ಲಿ 30. ಸಂಬಳ ನಡೆಯುತ್ತಲೇ ಇರುತ್ತದೆ. ಕಾಯಿಲೆ ಬಿದ್ದರೆ ಕಂಪನಿ 6 ವಾರ ಪೂರ್ತಿ ಸಂಬಳ ಕೊಡುತ್ತದೆ. ಫ್ರೀಲಾನ್ಸರ್ ಮೂರು ವಾರ ಊರಿಗೆ ಹೊರಟರೆ ಟಿಕೆಟಿನ ದುಡ್ಡಿನ ಮೇಲೆ 6,600 ಯೂರೋ ಗಳಿಕೆಯನ್ನೂ ಬಿಟ್ಟುಹೊರಟಂತೆ. ಹೀಗಾಗಿ ದೀಪಾವಳಿ ಮುಂದಿನ ವರ್ಷಕ್ಕೆ, ತಂಗಿಯ ಸೀಮಂತ ವಿಡಿಯೋ ಕಾಲ್‌ಗೆ ಸರಿಯುತ್ತವೆ. ಅಪ್ಪ ಅಮ್ಮ ಬೇಡ ಬಿಡಪ್ಪಾ ಅನ್ನುತ್ತಾರೆ, ಅದನ್ನು ನಂಬಬೇಡಿ.

ಕರಾರಿಗೆ ಸಹಿ ಹಾಕುವ ಮೊದಲು ರಜೆ ದಿನಗಳ ಸಂಖ್ಯೆ, ಪ್ರೊಬೇಷನ್ ಅವಧಿ ನೋಡಿಕೊಳ್ಳಿ. ಪ್ರೊಬೇಷನ್ 6 ತಿಂಗಳಿಗಿಂತ ಹೆಚ್ಚಿರಬಾರದು, ಆ ಅವಧಿಯಲ್ಲಿ 2 ವಾರದ ನೋಟಿಸ್‌ನಲ್ಲಿ ಇಬ್ಬರೂ ಕೈಬಿಡಬಹುದು. ಹೊರಡಲು ಸಮಯವಿದ್ದರೆ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ತರಗತಿಗೆ ಈಗಲೇ ಸೇರಿ. ಬಿ1 ಉಳಿಸಿಕೊಡುವುದು 6 ತಿಂಗಳು. ಏಜೆಂಟ್‌ಗೆ ನಯವಾಗಿಯೇ ಉತ್ತರಿಸಿ, ಎರಡು ವರ್ಷ ಬಿಟ್ಟು ಮಾತಾಡೋಣ ಅನ್ನಿ. ಅವನ ನಂಬರ್ ಇಟ್ಟುಕೊಂಡಿರಿ.