63ರ ಹಿಮ್ಮಡಿಗೆ ಮಗ ಕಳಿಸಿದ ಕೊಲಾಜನ್ ಪುಡಿ

ಪ್ರಶ್ನೆ: ನನಗೆ 63, ನಿವೃತ್ತ ಶಿಕ್ಷಕ, ವಿಜಯಪುರ. ದಿನಾ ಬೆಳಿಗ್ಗೆ ಗೋಳಗುಮ್ಮಟದ ಕಡೆ ವಾಕಿಂಗ್ ಹೋಗುತ್ತೇನೆ. ನಾಲ್ಕು ತಿಂಗಳಿಂದ ಎಡಗಾಲಿನ ಹಿಮ್ಮಡಿ ಮೇಲಿನ ನರ ಹಿಡಿದಂತಾಗಿ, ಎದ್ದ ಕೂಡಲೇ ಕುಂಟುತ್ತೇನೆ. ಶುಗರ್ ಇದೆ, ಮೆಟ್‌ಫಾರ್ಮಿನ್ ನುಂಗುತ್ತೇನೆ. ಬೆಂಗಳೂರಿನಿಂದ ಮಗ ಕೊಲಾಜನ್ ಪುಡಿ ಕಳಿಸಿದ್ದಾನೆ. ಅವನ ಮೊಣಕಾಲಿಗೆ ಗುಣ ಬಂತಂತೆ. ನಾನೂ ಕುಡಿಯಲಾ?

ಉತ್ತರ: ಸರ್, ನೀವು ಹೇಳುತ್ತಿರುವುದು ನರ ಅಲ್ಲ. ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿರುವ ಹಗ್ಗ ಅದು, ಸ್ನಾಯುರಜ್ಜು. ನಮ್ಮ ಕಡೆ ಎಲ್ಲದಕ್ಕೂ ನರ ಅಂತಲೇ ಅನ್ನುತ್ತೇವೆ, ಅಲ್ವಾ?

ಈ ಹಗ್ಗದ ನೂಲೇ ಕೊಲಾಜನ್. ಹಾಗಂತ ಕುಡಿದ ಪುಡಿ ಸೀದಾ ಹಿಮ್ಮಡಿಗೆ ಹೋಗಿ ಕೂರುವುದಿಲ್ಲ, ಹೊಟ್ಟೆಯಲ್ಲೇ ಚೂರುಚೂರಾಗುತ್ತದೆ. 2017ರ ಒಂದು ಅಧ್ಯಯನದಲ್ಲಿ ವಿಟಮಿನ್ ಸಿ ಬೆರೆಸಿದ 15 ಗ್ರಾಂ ಜೆಲಟಿನ್ (ಕೊಲಾಜನ್ ಬೇಯಿಸಿ ತೆಗೆದದ್ದು) ಕುಡಿಸಿ, ಒಂದು ತಾಸು ಬಿಟ್ಟು ಸ್ಕಿಪ್ಪಿಂಗ್ ಮಾಡಿಸಿದಾಗ, ಕೊಲಾಜನ್ ತಯಾರಾಗುವ ಗುರುತು ರಕ್ತದಲ್ಲಿ ಜಾಸ್ತಿ ಕಂಡಿತು. ಪುಡಿ ಮಾರುವವರಿಗೆ ಇದು ಬಾಯಿಪಾಠ. ಆದರೆ ಅದರಲ್ಲಿದ್ದವರು ಎಂಟೇ ಎಂಟು ಜನ, ಅದೂ ಗಟ್ಟಿಮುಟ್ಟಾದ ಹುಡುಗರು. ಈ ರಜ್ಜುವಿನ ಒಳತಿರುಳು 17ನೇ ವಯಸ್ಸಿನ ಹೊತ್ತಿಗೇ ಬಹುತೇಕ ಕಟ್ಟಿ ಮುಗಿದಿರುತ್ತದೆ, ಆಮೇಲೆ ಹೊಸದಾಗುವುದು ತೀರಾ ಕಡಿಮೆ. ವರ್ಷಗಟ್ಟಲೆ ಶುಗರ್ ಇದ್ದರಂತೂ ನೂಲಿಗೆ ನೂಲು ಅಂಟಿಕೊಂಡು ಬಿರುಸಾಗುತ್ತದೆ. ಅದನ್ನು ಯಾವ ಪುಡಿಯೂ ಬಿಡಿಸಲ್ಲ.

ನಾನಾದರೆ ಡಬ್ಬಿಗಿಂತ ಮೊದಲು ನಿಮ್ಮ ತಾಟು ನೋಡುತ್ತೇನೆ. ವಯಸ್ಸಾದಂತೆ ಊಟ ಕಡಿಮೆಯಾಗುತ್ತದೆ, ತಿಂದ ಪ್ರೋಟೀನ್ ಕೂಡ ಮೊದಲಿನಷ್ಟು ಮೈಗೆ ಹತ್ತುವುದಿಲ್ಲ. ಕಿಡ್ನಿ ಸರಿಯಿದ್ದರೆ ಮೈತೂಕದ ಕೆಜಿಗೆ 1ರಿಂದ 1.2 ಗ್ರಾಂ ಬೇಕು. ಒಂದು ರೊಟ್ಟಿ, ಎರಡು ಚಮಚ ಪುಂಡಿಪಲ್ಯದಲ್ಲಿ ಅದು ಎಲ್ಲಿ ಸಿಗುತ್ತೆ? ಕಾಳುಪಲ್ಯ, ಮೊಸರು, ಶೇಂಗಾ ಹಿಂಡಿ ಜಾಸ್ತಿ ಮಾಡಿ, ತಿನ್ನುವವರಾದರೆ ಮೊಟ್ಟೆ. ಕೊಲಾಜನ್ ಪುಡಿಯನ್ನು ಈ ಲೆಕ್ಕಕ್ಕೆ ಹಿಡಿಯಬೇಡಿ, ಅದು ಪೂರ್ಣ ಪ್ರೋಟೀನ್ ಅಲ್ಲ, ಮೈಗೆ ಬೇಕಾದ ಅಂಶಗಳೆಲ್ಲ ಅದರಲ್ಲಿಲ್ಲ. ವಿಟಮಿನ್ ಸಿಗೆ ಒಂದು ಪೇರಲ ಸಾಕು. ಬಿ12, ವಿಟಮಿನ್ ಡಿ ಒಮ್ಮೆ ಪರೀಕ್ಷೆ ಮಾಡಿಸಿ. ಮೆಟ್‌ಫಾರ್ಮಿನ್ ಬಹಳ ವರ್ಷ ನುಂಗಿದವರಲ್ಲಿ ಬಿ12 ಇಳಿಯುತ್ತದೆ.

ಅಂದಹಾಗೆ ಕೊಲಾಜನ್ ಬರುವುದು ದನ, ಹಂದಿ, ಮೀನಿನ ಚರ್ಮ-ಎಲುಬಿನಿಂದ. ಡಬ್ಬಿ ಮೇಲೆ ಹಸಿರು ಚುಕ್ಕೆ ಇದ್ದರೆ ಒಳಗೆ ಕೊಲಾಜನ್ನೇ ಇಲ್ಲದಿರುವುದು ಹೆಚ್ಚು!

ಹಗ್ಗಕ್ಕೆ ಬೇಕಿರುವುದು ಭಾರ. ಗೋಡೆ ಹಿಡಿದು ಎರಡೂ ಹಿಮ್ಮಡಿ ಎತ್ತಿ, ಮೂರು ಎಣಿಸುತ್ತಾ ಇಳಿಸಿ. ಹದಿನೈದು ಸಲ, ಮೂರು ಸುತ್ತು. ಸ್ವಲ್ಪ ನೋವಾದರೆ ಪರವಾಗಿಲ್ಲ, ಮರುದಿನ ಏರಿದರೆ ಕಡಿಮೆ ಮಾಡಿ. ಮೂರು ತಿಂಗಳು ಬಿಡಬೇಡಿ. ಕಳಿಸಿದ ಪುಡಿ ಸುಮ್ನೆ ಯಾಕೆ ಹಾಳು ಅನಿಸಿದರೆ, ಇದಕ್ಕೆ ಒಂದು ತಾಸು ಮುಂಚೆ ಕುಡಿಯಿರಿ.

ಇನ್ನೊಂದು. ಮೂತ್ರದ ಸೋಂಕಿಗೋ ಕೆಮ್ಮಿಗೋ ಸಿಪ್ರೋಫ್ಲಾಕ್ಸಸಿನ್, ಲಿವೋಫ್ಲಾಕ್ಸಸಿನ್ ಬರೆದುಕೊಟ್ಟರೆ ಹಿಮ್ಮಡಿ ನೋವಿನ ವಿಷಯ ಡಾಕ್ಟರಿಗೆ ಹೇಳಿ. 60 ದಾಟಿದವರಿಗೆ ಇವುಗಳಿಂದ ರಜ್ಜು ಹರಿಯುವ ಅಪಾಯ ಜಾಸ್ತಿ. ಠಪ್ ಅಂತ ಸದ್ದಾಗಿ ತುದಿಗಾಲಲ್ಲಿ ನಿಲ್ಲಲು ಬರದಿದ್ದರೆ ಅದೇ ದಿನ ಮೂಳೆ ಡಾಕ್ಟರ ಹತ್ತಿರ ಹೋಗಿ.