ಸೈಕಲ್ ತುಳಿದವಳು ಹೋರಾಟಗಾರ್ತಿ ಹೌದೋ ಅಲ್ವೋ?

‘ಹೋದ ಸಂಚಿಕೆಯಲ್ಲಿ ಇಟಲಿಯ ಟೀನಾ ಆನ್ಸೆಲ್ಮಿ ಅವರನ್ನು ಹೋರಾಟಗಾರ್ತಿ ಅಂದಿದ್ದೀರಿ. ಎರಡನೇ ಮಹಾಯುದ್ಧದಲ್ಲಿ ಅವರು ಚೀಟಿ ಸಾಗಿಸಿದವರು, ಬಂದೂಕು ಹಿಡಿದವರಲ್ಲ. ಆ ಮಾತು ಸ್ವಲ್ಪ ಜಾಸ್ತಿ ಆಯ್ತಲ್ವಾ?’
– ಓದುಗರೊಬ್ಬರು, ಧಾರವಾಡ

ಉತ್ತರ: ನೀವು ಸುಮ್ನೆ ಪುಟ ಮಗುಚುವವರಲ್ಲ ಅಂತ ಗೊತ್ತಾಯಿತು, ಸಂತೋಷ. ಚಳಿ, ಹಸಿವು ಸಹಿಸಿ ಬೆಟ್ಟಗಳಲ್ಲಿ ಕಾದಾಡಿದವರ ತ್ಯಾಗ ದೊಡ್ಡದು, ಒಪ್ಪಿದೆ. ಉಳಿದದ್ದನ್ನು ಒಪ್ಪಲಾರೆ.

1944ರ ಸೆಪ್ಟೆಂಬರ್ 26. ಬಸ್ಸಾನೊ ಡೆಲ್ ಗ್ರಾಪ್ಪಾ ಊರಲ್ಲಿ ಜರ್ಮನಿಯ ನಾಜಿಗಳು, ಇಟಲಿಯ ಫ್ಯಾಸಿಸ್ಟರು ಸೇರಿ 31 ಜನರನ್ನು ಬೀದಿಬದಿಯ ಮರಗಳಿಗೆ ನೇಣು ಹಾಕಿದರು. ಶಾಲೆಯ ಮಕ್ಕಳನ್ನು ಎಳೆತಂದು ಅದನ್ನು ನೋಡಿಸಿದರು. ಆ ಮಕ್ಕಳಲ್ಲಿ 17 ವರ್ಷದ ಟೀನಾ ಇದ್ದಳು. ಹೆದರಲಿ ಅಂತ ತೋರಿಸಿದ್ದು. ಅವಳು ಅವರ ವಿರುದ್ಧ ಗುಟ್ಟಾಗಿ ಹೋರಾಡುತ್ತಿದ್ದ ಪ್ರತಿರೋಧ ಪಡೆ ಸೇರಿದಳು. ಗುಪ್ತನಾಮ ಗಾಬ್ರಿಯೆಲ್ಲಾ. ತುಕಡಿಯಿಂದ ತುಕಡಿಗೆ ಸೈಕಲ್ಲಿನಲ್ಲಿ ಸುದ್ದಿ ಮುಟ್ಟಿಸುವ ಕೆಲಸ. ಇಂಥವರನ್ನು ಅಲ್ಲಿ ‘ಸ್ಟಾಫೆಟ್ಟಾ’ ಅನ್ನುತ್ತಾರೆ.

ಬಂದೂಕು ಇದ್ದವನು ತಿರುಗಿ ಗುಂಡು ಹಾರಿಸಬಹುದು. ಸೈಕಲ್ ಹುಡುಗಿ ಸಿಕ್ಕಿಬಿದ್ದರೆ ಏನು ಮಾಡಬೇಕು, ಹೇಳಿ? ಬಾಯಿ ಬಿಡದೆ ಇರುವುದೊಂದೇ ದಾರಿ. ಬೊಲೊನ್ಯಾ ಊರಿನ ಇನ್ನೊಬ್ಬ ಸ್ಟಾಫೆಟ್ಟಾ ಇರ್ಮಾ ಬಂಡಿಯೆರಾ ಅದೇ ವರ್ಷ ಆಗಸ್ಟ್‌ನಲ್ಲಿ ಸಿಕ್ಕಿಬಿದ್ದರು. ದಿನಗಟ್ಟಲೆ ಹಿಂಸೆ ಕೊಟ್ಟರು, ಕಣ್ಣು ಹಾಳುಮಾಡಿದರು. ಜೊತೆಗಾರರಲ್ಲಿ ಒಬ್ಬರ ಹೆಸರನ್ನೂ ಆಕೆ ಹೇಳಲಿಲ್ಲ. 14ರಂದು ಗುಂಡಿಟ್ಟು ಕೊಂದರು. ಆಗ ಆಕೆಗೆ 29 ವರ್ಷ. ಇದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ.

ನಿಮ್ಮ ಮೇಲೆ ಸಿಟ್ಟಿಲ್ಲ. ಈ ಲೆಕ್ಕಾಚಾರ ಬಹಳ ಹಳೆಯದು. 1945ರಲ್ಲಿ ಟುರಿನ್‌ನಲ್ಲಿ ವಿಜಯದ ಮೆರವಣಿಗೆ ಹೊರಟಾಗ ಎಷ್ಟೋ ಹೆಂಗಸರನ್ನು ಅವರ ಸಂಗಾತಿಗಳೇ ಬರಬೇಡಿ ಅಂದರು. ಗಂಡಸರ ಜೊತೆ ಬೆಟ್ಟದಲ್ಲಿದ್ದವರು ಅಂತ ಜನ ಕೆಟ್ಟದಾಗಿ ಆಡಿಕೊಳ್ಳುತ್ತಾರೆ ಅನ್ನುವ ಭಯ! ಜೀವ ಪಣಕ್ಕಿಟ್ಟವರನ್ನು ಪಕ್ಕಕ್ಕೆ ನಿಲ್ಲಿಸಿದ್ದು ಹೀಗೆ. ಯುದ್ಧದ ಕಥೆ ಹೇಳುವ ನಾವೆಲ್ಲ ಇವತ್ತಿಗೂ ಬಂದೂಕುಗಳನ್ನೇ ಎಣಿಸುತ್ತೇವೆ. ಅನ್ನ ಹಾಕಿದವರು, ಅಡಗಿಸಿಟ್ಟವರು, ಕಾಗದ ಹೊತ್ತವರು ಎಣಿಕೆಗೇ ಸಿಗುವುದಿಲ್ಲ.

ಯುದ್ಧ ಮುಗಿದ ಮೇಲೆ ಆನ್ಸೆಲ್ಮಿ ಶಾಲೆಯಲ್ಲಿ ಪಾಠ ಹೇಳಿದರು, ಕಾರ್ಮಿಕ ಸಂಘದಲ್ಲಿ ದುಡಿದರು. 1976ರಲ್ಲಿ ಇಟಲಿಯ ಮೊದಲ ಮಹಿಳಾ ಮಂತ್ರಿಯಾದರು. ಕೆಲಸದಲ್ಲಿ ಗಂಡು ಹೆಣ್ಣಿಗೆ ಸಮಾನ ಹಕ್ಕು ಕೊಟ್ಟ 1977ರ ಕಾನೂನಿನ ಹಿಂದೆ ಇದ್ದವರು ಅವರೇ. ಮರುವರ್ಷ ರಾಷ್ಟ್ರೀಯ ಆರೋಗ್ಯ ಸೇವೆಯ ಕಾನೂನು ಬಂದಾಗ ಆರೋಗ್ಯ ಮಂತ್ರಿಯೂ ಅವರೇ. ಆಮೇಲೆ ‘ಪಿ2’ ಅನ್ನುವ ರಹಸ್ಯ ಕೂಟದ ತನಿಖೆಗೆ ಸಂಸತ್ತು ಸಮಿತಿ ಮಾಡಿತು. ದೊಡ್ಡ ದೊಡ್ಡವರ ಹೆಸರಿದ್ದ ಆ ತನಿಖೆಗೂ ಅಧ್ಯಕ್ಷೆ ಇದೇ ಸೈಕಲ್ ಹುಡುಗಿ.

ಹಾಗಾಗಿ ಆ ಪದವನ್ನು ತಿದ್ದುವುದಿಲ್ಲ. ನಿಮ್ಮ ಮನೆಯ ಹಿರಿಯರಲ್ಲಿ ಹೀಗೆ ಕಾಗದ ಹೊತ್ತ ಅಜ್ಜಿ ಯಾರಾದರೂ ಇದ್ದರೆ ಅವರ ಬಗ್ಗೆ ಬರೆದು ಕಳಿಸಿ. ಜಾಗ ಇಟ್ಟಿರುತ್ತೇನೆ.

– ಸಂಪಾದಕ