ಇಶ್ಯೂಗಳ ರಾಶಿ ಕರಗುವುದು ಹೇಗೆ?

ಪ್ರಶ್ನೆ: ನಾವು ಗದಗಿನ ಕೆಲವು ಗೆಳೆಯರು ಸೇರಿ, ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಫೈಲುಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವ ಸಣ್ಣದೊಂದು ಓಪನ್ ಸೋರ್ಸ್ ತಂತ್ರಾಂಶವನ್ನು ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ನಡೆಸುತ್ತಿದ್ದೇವೆ. ಗದಗ, ಹುಬ್ಬಳ್ಳಿಯ ಪ್ರಿಂಟಿಂಗ್ ಪ್ರೆಸ್ಸಿನವರು ಇದನ್ನು ಬಳಸುತ್ತಾರೆ. ಈಗ ಅಲ್ಲಿ ತೆರೆದ ಇಶ್ಯೂಗಳು, ಅಂದರೆ ಬಳಸುವವರು ದಾಖಲಿಸಿದ ದೂರುಗಳು, ರಾಶಿ ಬಿದ್ದಿವೆ. ಒಂದೇ ದೂರು ಮತ್ತೆ ಮತ್ತೆ ಬರುತ್ತದೆ. ತಂತ್ರಾಂಶದ ಪರಿಚಯ, ಬಳಕೆಯ ವಿವರ ಇರುವ ರೀಡ್‌ಮಿ ಫೈಲ್ ಕೂಡ ಹಳೆಯದಾಗಿದೆ. ಬಹುಕಾಲ ಯಾರೂ ಮುಟ್ಟದ ಇಶ್ಯೂಗಳನ್ನು ತಾನಾಗಿ ಮುಚ್ಚುವ ಬಾಟ್ ಹಾಕಿದರೆ ಸಾಕೇ?

ಉತ್ತರ: ಬಾಟ್ ಸದ್ಯಕ್ಕೆ ಬೇಡ. ಅದಕ್ಕೆ ತಿಳಿಯುವುದು ಕೊನೆಯ ಮಾತಿನ ದಿನಾಂಕ ಮಾತ್ರ. ಮೌನಕ್ಕೆ ಕಾರಣ ಯಾರು ಎಂಬುದು ಅದಕ್ಕೆ ತಿಳಿಯುವುದಿಲ್ಲ. ಪ್ರೆಸ್ಸಿನವರು ಫೈಲನ್ನೂ ವಿವರವನ್ನೂ ಕೊಟ್ಟು, ನಿಮ್ಮ ಕಡೆಯಿಂದ ಯಾರೂ ಉತ್ತರಿಸದೆ ಉಳಿದ ಇಶ್ಯೂವನ್ನು ಯಂತ್ರ ಬಂದು ಮುಚ್ಚಿದರೆ, ಅವರು ಇನ್ನೊಮ್ಮೆ ದೂರು ಬರೆಯುವ ಗೋಜಿಗೆ ಹೋಗುವುದಿಲ್ಲ. ನೀವು ಪ್ರಶ್ನೆ ಕೇಳಿ, ಉತ್ತರಕ್ಕಾಗಿ ಕಾಯುತ್ತಿರುವ ಇಶ್ಯೂಗಳಿಗೆ ಮಾತ್ರ ‘ಮಾಹಿತಿ ಬೇಕು’ ಎಂಬ ಲೇಬಲ್ ಹಚ್ಚಿ, ಬಾಟ್ ಆ ಲೇಬಲ್ ಇದ್ದಲ್ಲಿ ಮಾತ್ರ ಕೈಹಾಕುವಂತೆ ಮಾಡಿದರೆ ಅಡ್ಡಿಯಿಲ್ಲ.

ಮೊದಲು ಎಲ್ಲ ಇಶ್ಯೂಗಳನ್ನೂ ಒಮ್ಮೆ ಓದಿ, ಅವುಗಳನ್ನು ಕಾರಣದ ಪ್ರಕಾರ ಬೇರ್ಪಡಿಸಿ. ‘ಫೈಲ್ ಬದಲಿ ಮಾಡಿದ ಮ್ಯಾಲೆ ಅಕ್ಷರ ಎಲ್ಲಾ ಕೆಟ್ಟಾವ್ರಿ, ಸರಿ ಮಾಡ್ರಿ’ ಎಂದು ಇಬ್ಬರು ಬರೆದಿದ್ದಾರೆ ಎಂದುಕೊಳ್ಳೋಣ. ಮಾತು ಒಂದೇ ಆದರೂ ಒಳಗಿನ ತೊಂದರೆ ಒಂದೇ ಆಗಿರಬೇಕಿಲ್ಲ. ನುಡಿಯ ಹಳೆಯ ಸಂಕೇತದಲ್ಲಿ (ಅಕ್ಷರಗಳಿಗೆ ಸಂಖ್ಯೆ ಕೊಡುವ ಕ್ರಮದಲ್ಲಿ) ಅರ್ಕಾವೊತ್ತು, ಕಣ್ಣಿಗೆ ಕಾಣುವ ಕ್ರಮದಲ್ಲೇ, ಅಕ್ಷರದ ನಂತರ ದಾಖಲಾಗುತ್ತದೆ. ಯೂನಿಕೋಡ್‌ನಲ್ಲಿ ರಕಾರವೂ ಹಲಂತವೂ (ಸ್ವರ ತೆಗೆಯುವ ಚಿಹ್ನೆ) ಆ ಅಕ್ಷರಕ್ಕಿಂತ ಮೊದಲೇ ಬರಬೇಕು. ಆದ್ದರಿಂದ ‘ಕಾರ್ಯ’ ಎಂಬಲ್ಲಿ ಪರಿವರ್ತಕವು ಯಕಾರವನ್ನು ದಾಟಿ ಹಿಂದಕ್ಕೆ ಹೋದರೆ ಸಾಕು. ‘ಅರ್ಘ್ಯ’ ಎಂಬಲ್ಲಿ ಒತ್ತಕ್ಷರವನ್ನೂ ಅದರ ಮೂಲಾಕ್ಷರವನ್ನೂ ಎರಡನ್ನೂ ದಾಟಬೇಕು. ಒಂದೇ ಹೆಜ್ಜೆ ಹಿಂದೆ ಸರಿಯುವ ಪರಿವರ್ತಕವು ಮೊದಲನೆಯದನ್ನು ಸರಿಯಾಗಿ ಕೊಟ್ಟು ಎರಡನೆಯದನ್ನು ಕೆಡಿಸುತ್ತದೆ. ಇದು ನಿಜವಾದ ದೋಷ; ಕೋಡ್‌ನಲ್ಲಿ ತಿದ್ದಬೇಕಾದದ್ದು.

ಇನ್ನೊಬ್ಬರ ಫೈಲಿನಲ್ಲಿ ಕನ್ನಡವೆಲ್ಲ ಸರಿಯಿದ್ದು, ನಡುವೆ ಇದ್ದ ಇಂಗ್ಲಿಷ್ ಹೆಸರು ಮಾತ್ರ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿರಬಹುದು. ಹಳೆಯ ಸಂಕೇತವು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳನ್ನೇ ಕನ್ನಡದ ತುಣುಕುಗಳಿಗೂ ಬಳಸುವುದರಿಂದ, ಎಲ್ಲಿ ಯಾವ ಭಾಷೆ ಎಂಬುದನ್ನು ಫಾಂಟ್ ಮಾತ್ರ ಹೇಳಬಲ್ಲದು. ಬರೀ ಟೆಕ್ಸ್ಟ್ ಫೈಲಿನಲ್ಲಿ ಆ ಮಾಹಿತಿ ಉಳಿದಿರುವುದೇ ಇಲ್ಲ. ವರ್ಡ್ ಫೈಲಿನಿಂದ ನೇರವಾಗಿ ಓದಿದರೆ ಫಾಂಟ್ ನೋಡಿ ಬೇರ್ಪಡಿಸಬಹುದು. ಟೆಕ್ಸ್ಟ್ ಫೈಲಿನಲ್ಲಿ ಊಹೆಯೊಂದೇ ದಾರಿ. ಇಂಥ ಇಶ್ಯೂವನ್ನು ‘ಮುಂದೆಂದಾದರೂ ನೋಡೋಣ’ ಎಂದು ತೆರೆದಿಡುವುದು ಸೌಜನ್ಯದಂತೆ ಕಂಡರೂ ಸೌಜನ್ಯವಲ್ಲ. ಮಿತಿಯನ್ನು ಕಾರಣಸಹಿತ ರೀಡ್‌ಮಿಯಲ್ಲಿ ಬರೆದು, ಆ ಭಾಗದ ಕೊಂಡಿ ಕೊಟ್ಟು, ‘ಯೋಜನೆಯಲ್ಲಿಲ್ಲ’ ಎಂಬ ಕಾರಣದೊಂದಿಗೆ ಮುಚ್ಚಿರಿ. ಗಿಟ್‌ಹಬ್‌ನಲ್ಲಿ 2022ರಿಂದ ಈ ಆಯ್ಕೆ ಇದೆ. ಒಂದೇ ದೂರು ಮತ್ತೆ ಮತ್ತೆ ಬರುತ್ತಿದೆ ಎಂದರೆ ಡಾಕ್ಯುಮೆಂಟೇಶನ್‌ನಲ್ಲಿ (ಬಳಕೆಯ ವಿವರಣೆಯಲ್ಲಿ) ಒಂದು ಪ್ಯಾರಾ ಕಡಿಮೆಯಿದೆ ಎಂದೇ ಹೆಚ್ಚಿನ ಸಲ ಅರ್ಥ. ಅದನ್ನು ಬರೆಯದೆ ಇಶ್ಯೂ ಮುಚ್ಚಿದರೆ ಮುಂದಿನ ವಾರ ಅದೇ ದೂರು ಬೇರೆ ಹೆಸರಿನಲ್ಲಿ ಬರುತ್ತದೆ.

ಒಂದೇ ದೋಷದ ಹಲವು ವರದಿಗಳಿದ್ದಲ್ಲಿ ಎಲ್ಲಕ್ಕಿಂತ ಮೊದಲು ಬಂದದ್ದನ್ನೇ ಉಳಿಸಬೇಕೆಂಬ ನಿಯಮವಿಲ್ಲ. ಮಾದರಿ ಸಾಲು ಯಾವುದರಲ್ಲಿ ಸ್ಪಷ್ಟವಾಗಿದೆಯೋ ಅದನ್ನು ಉಳಿಸಿ, ಮಿಕ್ಕವನ್ನು ಅದಕ್ಕೆ ಜೋಡಿಸಿ ಮುಚ್ಚಿರಿ.

ಹೊಸ ವರದಿಗಳಿಗೆ ಕನ್ನಡದಲ್ಲೇ ಒಂದು ಫಾರ್ಮ್ ಮಾಡಿಡಿ. ಯಾವ ಆವೃತ್ತಿ, ಮೂಲ ಫೈಲ್ ಟೆಕ್ಸ್ಟೋ ವರ್ಡೋ, ಕೆಟ್ಟ ಸಾಲು ಯಾವುದು, ಅದು ಹೇಗೆ ಬರಬೇಕಿತ್ತು ಎಂಬ ನಾಲ್ಕು ಪ್ರಶ್ನೆ ಸಾಕು. ಹೆಚ್ಚು ಕೇಳಿದರೆ ಪ್ರೆಸ್ಸಿನ ಗಡಿಬಿಡಿಯಲ್ಲಿ ತುಂಬುವವರಿಲ್ಲ. ಮೊಬೈಲಿನಲ್ಲಿ ತೆಗೆದ ಪರದೆಯ ಫೋಟೋ ಸಾಲದು, ಏಕೆಂದರೆ ಫೋಟೋದಲ್ಲಿ ಅಕ್ಷರದ ಆಕಾರ ಕಾಣುತ್ತದೆಯೇ ಹೊರತು ಒಳಗಿನ ಸಂಕೇತವಲ್ಲ. ಕೆಟ್ಟ ಸಾಲನ್ನಷ್ಟೇ ಬೇರೆ ಫೈಲಿಗೆ ಹಾಕಿ ಲಗತ್ತಿಸಲು ಹೇಳಿರಿ. ಯಾರದೋ ಲಗ್ನಪತ್ರಿಕೆಯನ್ನು ಇಡಿಯಾಗಿ ಹಾಕಿದರೆ ಮನೆತನದ ಹೆಸರು, ಫೋನ್ ನಂಬರುಗಳೆಲ್ಲ ಬಯಲಾಗುತ್ತವೆ. ಇಶ್ಯೂವನ್ನು ಆಮೇಲೆ ತಿದ್ದಿದರೂ ಹಿಂದಿನ ರೂಪ ಬದಲಾವಣೆಯ ಇತಿಹಾಸದಲ್ಲಿ ಉಳಿದಿರುತ್ತದೆ, ಅದನ್ನು ಪ್ರತ್ಯೇಕವಾಗಿ ಅಳಿಸಬೇಕಾಗುತ್ತದೆ.

ಲೇಬಲ್‌ಗಳ ವಿಷಯದಲ್ಲಿ ಉತ್ಸಾಹ ಬೇಡ. ಗಿಟ್‌ಹಬ್ ತಾನಾಗಿ ಕೊಡುವ 9 ಲೇಬಲ್‌ಗಳೇ ನಿಮ್ಮಷ್ಟು ಚಿಕ್ಕ ತಂಡಕ್ಕೆ ಹೆಚ್ಚಾದವು.

ಡಾಕ್ಯುಮೆಂಟೇಶನ್ ಹಿಂದೆ ಬೀಳುವುದಕ್ಕೆ ಮುಖ್ಯ ಕಾರಣ, ಅದನ್ನು ರಿಲೀಸ್ ಆದ ಮೇಲೆ ಬಿಡುವಾದಾಗ ಬರೆಯುವ ಕೆಲಸವೆಂದು ತಿಳಿಯುವುದು. ಕೋಡ್ ಇರುವ ರೆಪೊಸಿಟರಿಯಲ್ಲೇ ಅದನ್ನೂ ಇಟ್ಟು, ಬಳಕೆಯ ರೀತಿ ಬದಲಾಗುವ ಯಾವುದೇ ಪುಲ್ ರಿಕ್ವೆಸ್ಟ್‌ನಲ್ಲಿ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆಯಲ್ಲಿ) ಸಂಬಂಧಪಟ್ಟ ಪುಟದ ತಿದ್ದುಪಡಿಯೂ ಇರಬೇಕು, ಇಲ್ಲದಿದ್ದರೆ ಮರ್ಜ್ (ಮೂಲ ಕೋಡ್‌ಗೆ ಸೇರ್ಪಡೆ) ಇಲ್ಲ ಎಂದು ನಿಯಮ ಮಾಡಿಕೊಳ್ಳಿ. ಪುಲ್ ರಿಕ್ವೆಸ್ಟ್‌ನ ವಿವರಣೆಯಲ್ಲಿ ‘ಫಿಕ್ಸಸ್’ ಎಂದು ಇಂಗ್ಲಿಷ್‌ನಲ್ಲಿ ಬರೆದು ಮುಂದೆ ಹ್ಯಾಶ್ ಚಿಹ್ನೆಯೊಂದಿಗೆ ಇಶ್ಯೂ ಸಂಖ್ಯೆ ಹಾಕಿದರೆ, ಮುಖ್ಯ ಶಾಖೆಗೆ ಮರ್ಜ್ ಆದ ಕೂಡಲೇ ಇಶ್ಯೂ ತಾನಾಗಿ ಮುಚ್ಚಿಕೊಳ್ಳುತ್ತದೆ. ವರದಿಯಲ್ಲಿ ಬಂದ ‘ಅರ್ಘ್ಯ’ದ ಸಾಲನ್ನೇ ಪರೀಕ್ಷೆಯಾಗಿಯೂ ಸೇರಿಸಿ, ಡಾಕ್ಯುಮೆಂಟೇಶನ್‌ನ ಉದಾಹರಣೆಯಾಗಿಯೂ ಬಳಸಿರಿ, ಆಗ ಪ್ರತಿ ಬದಲಾವಣೆಯ ಜೊತೆಗೆ ಉದಾಹರಣೆಯೂ ಪರೀಕ್ಷೆಗೆ ಒಳಗಾಗುತ್ತದೆ.

ಪ್ರಶ್ನೆ: ಧಾರವಾಡದಲ್ಲಿ ಕನ್ನಡ ಎಂ.ಎ. ಓದುತ್ತಿದ್ದೇನೆ. ಪ್ರೋಗ್ರಾಮಿಂಗ್ ಬರುವುದಿಲ್ಲ. ಇಂಥ ಯೋಜನೆಗಳ ರೀಡ್‌ಮಿಯಲ್ಲಿ ಕಾಗುಣಿತ ತಿದ್ದಿ ಕಳುಹಿಸಿದರೆ ಅದು ಕೊಡುಗೆ ಎನಿಸುವುದೇ?

ಉತ್ತರ: ಎನಿಸುತ್ತದೆ, ಆದರೆ ಅಷ್ಟಕ್ಕೇ ನಿಲ್ಲಬೇಡಿ. ಓಪನ್ ಸೋರ್ಸ್ ಯೋಜನೆಗಳಿಗೆ ಕೊಡುಗೆ ಕೊಟ್ಟವರಿಗೆ ಟೀ ಶರ್ಟ್ ನೀಡುತ್ತಿದ್ದ 2020ರ ಹ್ಯಾಕ್ಟೋಬರ್‌ಫೆಸ್ಟ್ ಕಾರ್ಯಕ್ರಮದಲ್ಲಿ, ಆ ಟೀ ಶರ್ಟ್ ಆಸೆಗೆ ರೀಡ್‌ಮಿಯಲ್ಲಿ ಒಂದೆರಡು ಪದ ಸೇರಿಸಿದ ಪುಲ್ ರಿಕ್ವೆಸ್ಟ್‌ಗಳು ಎಷ್ಟು ಬಂದವೆಂದರೆ, ಒಪ್ಪಿಗೆ ಸೂಚಿಸಿದ ಯೋಜನೆಗಳನ್ನು ಮಾತ್ರ ಪರಿಗಣಿಸುವಂತೆ ಆಯೋಜಕರು ನಿಯಮವನ್ನೇ ಬದಲಿಸಬೇಕಾಯಿತು. ಅಂದಿನಿಂದ ಬಿಡಿ ತಿದ್ದುಪಡಿಗಳನ್ನು ಕಂಡರೆ ಯೋಜನೆ ನಡೆಸುವ ಮೇಂಟೇನರ್‌ಗಳಿಗೆ ಸ್ವಲ್ಪ ಅನುಮಾನ. ಪ್ರೋಗ್ರಾಮಿಂಗ್ ಬರದಿರುವುದೇ ಇಲ್ಲಿ ನಿಮಗೆ ಅನುಕೂಲ: ಬರೆದಿರುವ ಸೂಚನೆಗಳನ್ನು ಮಾತ್ರ ನಂಬಿ, ಯಾರನ್ನೂ ಕೇಳದೆ, ತಂತ್ರಾಂಶವನ್ನು ನಿಮ್ಮ ಕಂಪ್ಯೂಟರಿನಲ್ಲಿ ಅಳವಡಿಸಿ ಒಂದು ಪುಟ ಪರಿವರ್ತಿಸಲು ನೋಡಿರಿ. ಎಲ್ಲಿ ಮುಂದೆ ಹೋಗಲಾಗಲಿಲ್ಲವೋ ಅಲ್ಲಿ ಬಂದ ಸಂದೇಶವನ್ನು ಇದ್ದ ಹಾಗೆಯೇ ಬರೆದಿಟ್ಟುಕೊಂಡು ಇಶ್ಯೂ ತೆರೆಯಿರಿ, ಪರಿಹಾರ ತಿಳಿದ ಮೇಲೆ ಆ ಹಂತವನ್ನು ನೀವೇ ಬರೆದು ಪುಲ್ ರಿಕ್ವೆಸ್ಟ್ ಕಳುಹಿಸಿರಿ.